ಆ ಪ್ಲೇಟಿನಲ್ಲಿ ಹಾಡಿಲ್ಲ, ಮೋಸವೂ ಇಲ್ಲ

ಹೋದ ವರ್ಷ ಫೆಸ್ಟ್ ಮುಗಿದ ರಾತ್ರಿ ಹಾಸ್ಟೆಲ್ ಗ್ರೂಪಿಗೆ ಒಂದು ವಿಡಿಯೋ ಬಂತು. ಡಿಜೆ ಊಟಕ್ಕೆ ಹೋಗಿದ್ದಾಗ ಯಾರೋ ಸ್ಟೇಜ್ ಹತ್ತಿದ್ದಾರೆ. ಅವನ ಡಬ್ಬಿಯ ಮೇಲಿದ್ದ ಒಂದು ಸ್ವಿಚ್ಚನ್ನು ಆ ಕಡೆ ತಳ್ಳಿ, ತಿರುಗುತ್ತಿದ್ದ ಕಪ್ಪು ಪ್ಲೇಟಿನ ಮೇಲೆ ಮುಳ್ಳು ಇಟ್ಟಿದ್ದಾರೆ. ಸ್ಪೀಕರಿನಿಂದ ಹಾಡು ಬರಲಿಲ್ಲ. ‘ಪೀಂ’ ಅಂತ ಒಂದೇ ಸಮ ಕಿವಿ ಕೊರೆಯುವ ಸದ್ದು, ಲ್ಯಾಬಿನ ಫಂಕ್ಷನ್ ಜನರೇಟರನ್ನು ಸ್ಪೀಕರಿಗೆ ಸಿಕ್ಕಿಸಿದ ಹಾಗೆ. ವಿಡಿಯೋ ಕೆಳಗೆ ಬರೆದಿದ್ದು: ‘ಪ್ಲೇಟಲ್ಲಿ ಹಾಡೇ ಇಲ್ಲ ಗುರು! ಎರಡು ಗಂಟೆ ನಮ್ಮನ್ನ ಮಂಗ ಮಾಡಿದಾನೆ.’ ಬೆಳಗಾಗೋದರೊಳಗೆ ಅದು ಸ್ಟಿಕರ್ ಕೂಡ ಆಗಿತ್ತು.

ನನಗೂ ನಗು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ವಿಷಯ ನಗುವಿಗೇ ನಿಲ್ಲಲಿಲ್ಲ. ಈ ವರ್ಷದ ಫೆಸ್ಟ್ ಮೀಟಿಂಗಿನಲ್ಲಿ ಆ ವಿಡಿಯೋನೇ ಸಾಕ್ಷಿ ಆಯ್ತು. ‘ಅವನನ್ನ ಮತ್ತೆ ಕರೆಯೋದು ಬೇಡ. ಪ್ಲೇಟು ತಿರುಗಿಸೋದೆಲ್ಲ ಬರೀ ಶೋ. ಹಾಡು ಇರೋದು ಲ್ಯಾಪ್‌ಟಾಪಲ್ಲಿ. ಪೆನ್‌ಡ್ರೈವ್ ತಗೊಂಡು ಬರೋ ಯಾರನ್ನಾದ್ರೂ ಕರೆದ್ರೆ ಅರ್ಧ ದುಡ್ಡಲ್ಲಿ ಮುಗಿಯತ್ತೆ’ ಅಂದರು. ಎಲ್ಲರೂ ತಲೆ ಆಡಿಸಿದರು. ನಾನೂ ಆಡಿಸಿದೆ. ಆ ಪ್ಲೇಟಿನಲ್ಲಿ ಏನಿರತ್ತೆ ಅಂತ ಆ ರೂಮಿನಲ್ಲಿ ಸರಿಯಾಗಿ ಗೊತ್ತಿದ್ದವನು ಪ್ರಾಯಶಃ ನಾನೊಬ್ಬನೇ, ಆದರೂ ಫೈನಲ್ ಇಯರ್‌ನವರ ಮುಂದೆ ಬಾಯಿ ಬರಲಿಲ್ಲ. ಅಲ್ಲಿ ಹೇಳಬೇಕಿದ್ದದ್ದನ್ನ ಇಲ್ಲಿ ಬರೀತಿದೀನಿ.

ಹೌದು, ಆ ಪ್ಲೇಟಿನಲ್ಲಿ ಹಾಡಿಲ್ಲ. ಹಾಡು ಲ್ಯಾಪ್‌ಟಾಪಿನಲ್ಲೇ ಇತ್ತು. ಹಾಗಂತ ಅದು ಖಾಲಿ ಪ್ಲೇಟಲ್ಲ. ಅದಕ್ಕೆ ಟೈಮ್‌ಕೋಡ್ ಪ್ಲೇಟು ಅಂತಾರೆ, ಕಂಟ್ರೋಲ್ ವಿನೈಲ್ ಅಂತಲೂ ಕರೀತಾರೆ. ನೀವು ನಕ್ಕ ಆ ‘ಪೀಂ’ ಇದೆಯಲ್ಲ, ಅದೇ ಅದರ ಬಂಡವಾಳ.

ನ್ಯೂಜಿಲೆಂಡಿನ ಸೆರಾಟೋ ಕಂಪನಿಯ ಪ್ಲೇಟನ್ನೇ ತಗೊಳ್ಳಿ. ನಿಮಿಷಕ್ಕೆ 33⅓ ಸುತ್ತಿನಂತೆ ತಿರುಗಿದರೆ ಅದರಿಂದ 1000 ಹರ್ಟ್ಜ್‌ನ ಸೈನ್ ವೇವ್ ಬರುತ್ತದೆ. ಒಂದು ಸುತ್ತಿಗೆ 1.8 ಸೆಕೆಂಡ್ ಬೇಕು, ಅಂದರೆ ಸುತ್ತಿಗೆ 1800 ಅಲೆ. ಕೈಯಿಂದ ತಡೆದು ವೇಗವನ್ನು ಅರ್ಧಕ್ಕೆ ಇಳಿಸಿದರೆ 500 ಹರ್ಟ್ಜ್ ಆಗುತ್ತೆ. ಪಿಚ್ ಸ್ಲೈಡರನ್ನು ಪ್ಲಸ್ 8 ಪರ್ಸೆಂಟಿಗೆ ಎಳೆದರೆ 1080. ಈ ಸಿಗ್ನಲ್ ಸ್ಪೀಕರಿಗೆ ಹೋಗದೆ ಆಡಿಯೋ ಇಂಟರ್‌ಫೇಸ್ ಮೂಲಕ ಲ್ಯಾಪ್‌ಟಾಪಿಗೆ ಹೋಗುತ್ತೆ. ಸಾಫ್ಟ್‌ವೇರ್ ಅದರ ವೇಗ ಅಳೆದು, ಹಾರ್ಡ್ ಡಿಸ್ಕಿನಲ್ಲಿರುವ ಹಾಡನ್ನು ಅದೇ ವೇಗದಲ್ಲಿ ಓಡಿಸುತ್ತೆ. ವಿಡಿಯೋ ಮಾಡಿದವರು ತಳ್ಳಿದ ಸ್ವಿಚ್ಚು ಈ ದಾರಿಯನ್ನ ತಪ್ಪಿಸಿ ಮುಳ್ಳಿನ ಸದ್ದನ್ನ ನೇರವಾಗಿ ಸ್ಪೀಕರಿಗೆ ಬಿಡೋದು. ಮಾಮೂಲಿ ಹಾಡಿನ ಪ್ಲೇಟು ಹಾಕೋಕೆ ಅಂತ ಇರೋ ಸ್ವಿಚ್ಚು ಅದು.

ಸರಿ, ಪ್ಲೇಟನ್ನು ಹಿಂದಕ್ಕೆ ತಿರುಗಿಸಿದರೆ? ಬರೀ ಫ್ರೀಕ್ವೆನ್ಸಿ ನೋಡಿದರೆ ಹಿಂದಕ್ಕೂ ಮುಂದಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಇಲ್ಲಿದೆ ನನಗೆ ತುಂಬಾ ಇಷ್ಟವಾದ ಭಾಗ. ಪ್ಲೇಟು ಸ್ಟೀರಿಯೋ. ಎಡ ಚಾನೆಲ್ಲಿನ ಅಲೆಗೂ ಬಲ ಚಾನೆಲ್ಲಿನ ಅಲೆಗೂ 90 ಡಿಗ್ರಿ ಅಂತರ ಇಟ್ಟಿದ್ದಾರೆ. ಮುಂದಕ್ಕೆ ತಿರುಗುವಾಗ ಒಂದು ಮುಂದಿರತ್ತೆ, ಹಿಂದಕ್ಕೆ ತಿರುಗಿದಾಗ ಇನ್ನೊಂದು ಮುಂದೆ ಬರತ್ತೆ. ಮೋಟರ್ ಶಾಫ್ಟು ಯಾವ ಕಡೆ ತಿರುಗ್ತಿದೆ ಅಂತ ಹೇಳುವ ಕ್ವಾಡ್ರೇಚರ್ ಎನ್‌ಕೋಡರ್ ಮಾಡೋದೂ ಇದನ್ನೇ. ಮೂರನೇ ಸೆಮ್ ಲ್ಯಾಬಿನಲ್ಲಿ ಸಿಆರ್‌ಓ ಅನ್ನು ಎಕ್ಸ್-ವೈ ಮೋಡಿಗೆ ಹಾಕಿ ಲಿಸಾಜು ಚಿತ್ರ ನೋಡಿ, ರೆಕಾರ್ಡ್ ಬುಕ್ಕಿಗೆ ಗೀಚಿ, ಸೈನ್ ಹಾಕಿಸ್ಕೊಂಡು ಮರೆತೆವಲ್ಲ? ಡಿಜೆ ಸಾಫ್ಟ್‌ವೇರ್ ತೆರೆದು ಟೈಮ್‌ಕೋಡ್ ಸ್ಕೋಪ್ ನೋಡಿ, ಅದೇ ವೃತ್ತ ಅಲ್ಲಿ ಕೂತಿರತ್ತೆ. ಚಾನೆಲ್‌ಗಳ ಮಟ್ಟ ಸರಿ ಇಲ್ಲದಿದ್ದರೆ ಅದು ಮೊಟ್ಟೆ ಆಗತ್ತೆ. ಒಂದು ವೈರ್ ಕಿತ್ತರೆ ಬರೀ ಗೆರೆ. ಪಾಪ, ನಮ್ಮ ಲ್ಯಾಬ್ ಮೇಡಂ ಇದನ್ನ ತೋರಿಸಿ ಪಾಠ ಮಾಡಿದ್ದರೆ ಒಬ್ಬರೂ ಪ್ರಾಕ್ಸಿ ಹಾಕಿಸ್ತಿರಲಿಲ್ಲ.

ವೇಗ ಗೊತ್ತಾಯ್ತು, ದಿಕ್ಕು ಗೊತ್ತಾಯ್ತು. ಆದರೆ ಮುಳ್ಳನ್ನ ಎತ್ತಿ ಪ್ಲೇಟಿನ ನಡುವೆ ಇಟ್ಟರೆ ಹಾಡೂ ನಡುವಿಗೆ ಹಾರಬೇಕಲ್ಲ? ಅದಕ್ಕೆ ಪ್ರತಿ ಅಲೆಯ ಎತ್ತರದಲ್ಲಿ ಒಂದೊಂದು ಬಿಟ್ ಅಡಗಿಸಿದ್ದಾರೆ. ಸ್ವಲ್ಪ ಎತ್ತರದ ಅಲೆ ಆದರೆ 1, ಕುಳ್ಳು ಅಲೆ ಆದರೆ 0. ಈ ಬಿಟ್‌ಗಳ ಸಾಲು ಒಂದು ಎಲ್‌ಎಫ್‌ಎಸ್‌ಆರ್‌ನಿಂದ ಬಂದದ್ದು. ಲೀನಿಯರ್ ಫೀಡ್‌ಬ್ಯಾಕ್ ಶಿಫ್ಟ್ ರಿಜಿಸ್ಟರ್, ನೆನಪಿದೆಯಾ? ಎಕ್ಸಾಮಲ್ಲಿ ಬಂದಾಗ ನಾನು ಚಾಯ್ಸಲ್ಲಿ ಬಿಟ್ಟ ಪ್ರಶ್ನೆ. 20 ಬಿಟ್ ರಿಜಿಸ್ಟರ್ ಆದರೆ 10,48,575 ಬೇರೆ ಬೇರೆ ಸ್ಥಿತಿಗಳು ಸಿಗುತ್ತವೆ. ಸೆಕೆಂಡಿಗೆ 1000 ಬಿಟ್ ಅಂದರೆ ಹದಿನೇಳು ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂದು ತುಣುಕೂ ಮರುಕಳಿಸಲ್ಲ. ಪ್ಲೇಟಿನ ಒಂದು ಬದಿಗೆ ಅದು ಸಾಕು. ಎಲ್ಲೇ ಮುಳ್ಳು ಇಡಿ, ಇಪ್ಪತ್ತು ಅಲೆ ಓದಿದರೆ, ಅಂದರೆ ಒಂದು ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ, ತಾನು ಎಲ್ಲಿದೀನಿ ಅನ್ನೋದು ಸಾಫ್ಟ್‌ವೇರಿಗೆ ಗೊತ್ತಾಗುತ್ತೆ. ಇದೆಲ್ಲ ಗುಟ್ಟೇನಲ್ಲ. ಎಕ್ಸ್‌ವ್ಯಾಕ್ಸ್ ಅಂತ ಲಿನಕ್ಸಿಗೆ ಒಂದು ಓಪನ್ ಸೋರ್ಸ್ ಪ್ರೋಗ್ರಾಂ ಇದೆ, ಅದರ ಸಿ ಕೋಡಿನಲ್ಲಿ ಇಷ್ಟೂ ಇದೆ. ನಮ್ಮ ಡೇಟಾ ಸ್ಟ್ರಕ್ಚರ್ ಅಸೈನ್‌ಮೆಂಟಿಗಿಂತ ಓದೋಕೆ ಸುಲಭ.

ಈಗ ಮೀಟಿಂಗಿನಲ್ಲಿ ಕೇಳಿದ ಪ್ರಶ್ನೆಗೇ ಬರೋಣ. ಹಾಡು ಹೇಗೂ ಲ್ಯಾಪ್‌ಟಾಪಿನಲ್ಲಿದೆ, ಮೌಸ್ ಇದೆ, ಬಟನ್ ಇದೆ. ಇಷ್ಟೆಲ್ಲ ಸರ್ಕಸ್ ಯಾಕೆ? ಅದನ್ನ ತಿಳ್ಕೊಳ್ಳೋಕೆ ನ್ಯೂಯಾರ್ಕಿನ ಬ್ರಾಂಕ್ಸಿಗೆ ಹೋಗಬೇಕು.

1970ರ ದಶಕ. ಅಲ್ಲಿನ ಬ್ಲಾಕ್ ಪಾರ್ಟಿಗಳಲ್ಲಿ ಜನ ಕುಣೀತಿದ್ದದ್ದು ಹಾಡಿನ ಒಂದು ಸಣ್ಣ ಭಾಗಕ್ಕೆ, ಬರೀ ಡ್ರಮ್ ಇರುವ ಬ್ರೇಕಿಗೆ. ಒಂದೇ ಹಾಡಿನ ಎರಡು ಪ್ಲೇಟು ಇಟ್ಕೊಂಡು, ಇಲ್ಲಿ ಬ್ರೇಕ್ ಮುಗಿಯೋದರೊಳಗೆ ಅಲ್ಲಿ ಮತ್ತೆ ಶುರು ಮಾಡಿ, ಹತ್ತು ಸೆಕೆಂಡಿನ ಡ್ರಮ್ಮನ್ನು ಹತ್ತು ನಿಮಿಷ ಎಳೀತಿದ್ದರು. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಎಂಬ ಹುಡುಗ ಪ್ಲೇಟಿನ ಮೇಲೆ ಕ್ರೇಯಾನಿನಲ್ಲಿ ಗುರುತು ಹಾಕಿ, ಎಷ್ಟು ಸುತ್ತು ಹಿಂದಕ್ಕೆ ಹೋಗಬೇಕು ಅಂತ ಕಣ್ಣಲ್ಲೇ ಲೆಕ್ಕ ಇಡ್ತಿದ್ದ. ಆತ ಓದಿದ್ದು ವೊಕೇಶನಲ್ ಸ್ಕೂಲಿನಲ್ಲಿ, ಎಲೆಕ್ಟ್ರಾನಿಕ್ಸ್. ಅಂದರೆ ನಮ್ಮ ಬ್ರಾಂಚಿನವನೇ! ಗ್ರ್ಯಾಂಡ್ ವಿಜರ್ಡ್ ಥಿಯೋಡೋರ್ ಕಥೆ ಇನ್ನೂ ಚೆನ್ನಾಗಿದೆ. ರೂಮಿನಲ್ಲಿ ಜೋರಾಗಿ ಹಾಡು ಹಾಕಿದ್ದಾಗ ಅಮ್ಮ ಬಂದು ಬೈದರಂತೆ, ಬೈಗುಳ ಮುಗಿಯೋವರೆಗೂ ಪ್ಲೇಟನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಆಡಿಸ್ತಾ ನಿಂತನಂತೆ. ಆ ‘ಚಿಕಿ ಚಿಕಿ’ ಸದ್ದೇ ಸ್ಕ್ರ್ಯಾಚ್ ಆಯ್ತು.

ಇದಕ್ಕೆ ಬೇಕಾದ ಯಂತ್ರ ಬಂದದ್ದು ಜಪಾನಿನಿಂದ. ಅದನ್ನ ಮಾಡಿದವರಿಗೆ ಬ್ರಾಂಕ್ಸ್ ಗೊತ್ತೂ ಇರಲಿಲ್ಲ. ಮತ್ಸುಶಿತಾ ಕಂಪನಿಯ ಎಂಜಿನಿಯರ್ ಶುಯಿಚಿ ಒಬಾಟಾ, ಬೆಲ್ಟ್ ಬೇಡ, ಪ್ಲ್ಯಾಟರ್ ನೇರವಾಗಿ ಮೋಟರಿನ ಮೇಲೇ ಕೂರಲಿ ಅಂತ ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್ ಮಾಡಿದರು. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಮನೆಯಲ್ಲಿ ಕೂತು ಹಾಡು ಕೇಳೋರಿಗೆ ಅಂತ ಮಾಡಿದ್ದು. ಬೆಲ್ಟ್ ಇಲ್ಲವಾದ್ದರಿಂದ ಕೈಯಿಟ್ಟು ತಡೆದರೂ ಹಿಂದಕ್ಕೆ ಎಳೆದರೂ ಅದಕ್ಕೆ ಬೇಜಾರಿಲ್ಲ, ಬಿಟ್ಟ ಕೂಡಲೇ ಸರಿಯಾದ ವೇಗಕ್ಕೆ ಬರುತ್ತೆ. ಹಾಗಾಗಿ ಡಿಜೆಗಳು ಅದನ್ನ ತಮ್ಮದು ಮಾಡಿಕೊಂಡರು. 1979ರ ಎಂಕೆ2 ಮಾಡೆಲ್ ಹೊತ್ತಿಗೆ ಅದು ಅವರ ವಾದ್ಯವೇ ಆಗಿಹೋಗಿತ್ತು.

ಮುಂದಿನ ಇಪ್ಪತ್ತು ವರ್ಷ ಆ ವಾದ್ಯಕ್ಕೆ ಕೈಗಳು ಪಳಗಿದವು. ಎಷ್ಟು ಒತ್ತಿದರೆ ಎಷ್ಟು ನಿಧಾನ ಆಗತ್ತೆ, ಬೆರಳ ತುದಿಯಲ್ಲಿ ಅಂಚನ್ನ ಸವರಿದರೆ ಬೀಟು ಎಷ್ಟು ಹಿಂದೆ ಬೀಳತ್ತೆ, ಇದೆಲ್ಲ ತಲೆಯಲ್ಲಿರೋ ವಿದ್ಯೆ ಅಲ್ಲ, ಬೆರಳಲ್ಲಿರೋದು. ನಿಮ್ಮಜ್ಜಿಗೆ ರೊಟ್ಟಿ ಹಿಟ್ಟು ಹದ ಬಂತು ಅಂತ ಹೇಗೆ ಗೊತ್ತಾಗತ್ತೆ ಕೇಳಿ ನೋಡಿ, ಬಾಯಲ್ಲಿ ಹೇಳೋಕೆ ಬರಲ್ಲ.

ಆಮೇಲೆ ಎಂಪಿತ್ರಿ ಬಂತು. ಪ್ಲೇಟೊಂದು ಕವರ್ ಸೇರಿ ಕಾಲು ಕಿಲೋ ಹತ್ತಿರ ತೂಗುತ್ತೆ, ಎಂಬತ್ತು ಪ್ಲೇಟಿನ ಪೆಟ್ಟಿಗೆ ಅಂದರೆ ಇಪ್ಪತ್ತು ಕಿಲೋ. ಅದನ್ನ ಹೊತ್ತು ಊರೂರು ತಿರುಗುವ ಜನರಿಗೆ ಲ್ಯಾಪ್‌ಟಾಪ್ ಕಂಡರೆ ಆಸೆ ಆಗದೆ ಇರುತ್ತಾ? ಇಲ್ಲಿ ಎಂಜಿನಿಯರುಗಳ ಮುಂದೆ ಎರಡು ದಾರಿ ಇತ್ತು. ಒಂದು, ‘ಹೊಸ ಯಂತ್ರ ಬಂದಿದೆ, ಹಳೇ ಕೈ ಮರೆತುಬಿಡಿ, ಬಟನ್ ಒತ್ತೋದು ಕಲೀರಿ’ ಅನ್ನೋದು. ಇನ್ನೊಂದನ್ನು ನೆದರ್‌ಲೆಂಡ್ಸಿನ ಎನ್‌ಟುಐಟಿ ಅನ್ನೋ ಸಣ್ಣ ಕಂಪನಿ ಹಿಡಿಯಿತು. ಟರ್ನ್‌ಟೇಬಲ್ ಹಾಗೇ ಇರಲಿ, ಮುಳ್ಳು ಹಾಗೇ ಇರಲಿ, ಕೈ ಹಾಗೇ ಇರಲಿ, ಗೀರಿನೊಳಗೆ ಏನಿದೆ ಅನ್ನೋದನ್ನ ಮಾತ್ರ ಬದಲಾಯಿಸೋಣ ಅಂದರು. ಅದೇ ಫೈನಲ್ ಸ್ಕ್ರ್ಯಾಚ್. ಮೊದಲು ಓಡಿದ್ದು ಬಿಓಎಸ್ ಅನ್ನೋ, ಈಗ ಯಾರಿಗೂ ನೆನಪಿಲ್ಲದ ಆಪರೇಟಿಂಗ್ ಸಿಸ್ಟಮ್ ಮೇಲೆ. ರಿಚೀ ಹಾಟಿನ್ ಮತ್ತು ಜಾನ್ ಅಕ್ವವೀವಾ ಎಂಬ ಟೆಕ್ನೋ ಡಿಜೆಗಳು ಶುರುವಿನಲ್ಲೇ ಅದನ್ನ ಕೈಗೆತ್ತಿಕೊಂಡರು. ಈ ಶತಮಾನದ ಆರಂಭದಲ್ಲಿ ಸ್ಟಾಂಟನ್ ಕಂಪನಿ ಅದನ್ನ ಮಾರುಕಟ್ಟೆಗೆ ತಂತು. 2004ರಲ್ಲಿ ಸೆರಾಟೋ, ರೇನ್ ಕಂಪನಿ ಜೊತೆ ಸೇರಿ ಸ್ಕ್ರ್ಯಾಚ್ ಲೈವ್ ತಂದಿತು. ಆಮೇಲೆ ಅದು ಎಲ್ಲ ಕಡೆ ಹಬ್ಬಿತು.

ನನ್ನ ವಾದ ಇಷ್ಟೇ. ಆ ಪ್ಲೇಟು ಮೋಸ ಅಲ್ಲ, ಮರ್ಯಾದೆ. ಇಪ್ಪತ್ತು ವರ್ಷ ಪಳಗಿದ ಕೈಗೆ ಒಬ್ಬ ಎಂಜಿನಿಯರ್ ಕೊಟ್ಟ ಮರ್ಯಾದೆ. ನಮ್ಮ ಕಾಲೇಜಿನಲ್ಲಿ ಪ್ರಾಜೆಕ್ಟ್ ಐಡಿಯಾ ಅಂದ್ರೆ ಏನು ಬರತ್ತೆ ನೋಡಿ: ರೈತರಿಗೆ ಆ್ಯಪ್, ನೇಕಾರರಿಗೆ ಆ್ಯಪ್, ಅಂಗಡಿಯವರಿಗೆ ಆ್ಯಪ್. ನಾನೂ ಒಂದು ಮಾಡಿದೀನಿ, ಯಾರೂ ಬಳಸಲಿಲ್ಲ. ಆ ಮನುಷ್ಯನ ಕೈಗೆ ಈಗಾಗಲೇ ಏನು ಗೊತ್ತಿದೆ ಅಂತ ನಾವು ಕೇಳಲೇ ಇಲ್ಲ, ನಮಗೆ ಬರೋ ಸ್ಕ್ರೀನನ್ನ ಅವರ ಕೈಗೆ ತುರುಕಿದ್ವಿ.

ಇದು ಬರೀ ಭಾವುಕತೆ, ಹಳೇ ಪ್ಲೇಟಿನ ವ್ಯಾಮೋಹ ಅನ್ನೋರಿದ್ದಾರೆ. ಹಾಗಾದರೆ ಇದನ್ನ ನೋಡಿ. ಪಯೋನಿಯರ್ ಕಂಪನಿ 2001ರಲ್ಲಿ ಸಿಡಿಜೆ-1000 ತಂದಾಗ ಅದರ ಮೇಲೊಂದು ದೊಡ್ಡ ಚಕ್ರ ಇಟ್ಟು, ಪ್ಲೇಟಿನ ಹಾಗೇ ಕೈಯಾಡಿಸಬಹುದು ಅಂತ ಮಾಡಿತು. ಆದರೆ ಆ ಚಕ್ರ ತಾನಾಗಿ ತಿರುಗಲ್ಲ. ಸ್ಕ್ರ್ಯಾಚ್ ಮಾಡೋ ಕೈಗೆ ಅದು ಸಾಲಲಿಲ್ಲ. 2018ರಲ್ಲಿ ರೇನ್ ಟ್ವೆಲ್ವ್ ಬಂತು. ಅದರಲ್ಲಿ ಮುಳ್ಳೇ ಇಲ್ಲ, ಟೈಮ್‌ಕೋಡೂ ಇಲ್ಲ, ಆದರೆ 12 ಇಂಚಿನ ಪ್ಲ್ಯಾಟರ್ ಮೋಟರಿನಿಂದ ತಿರುಗುತ್ತೆ. ಮುಳ್ಳು ಹೋದರೂ ತಿರುಗೋದು ಉಳೀತು. ಟೆಕ್ನಿಕ್ಸ್ 1200 ಕೂಡ 2010ರಲ್ಲಿ ನಿಂತುಹೋಗಿ 2016ರಲ್ಲಿ ವಾಪಸ್ ಬಂತು. ಹಾಗಾಗಿ ನಾನು ವಿನೈಲ್ ಭಕ್ತ ಅಲ್ಲ. ಪ್ಲಾಸ್ಟಿಕ್ ತಟ್ಟೆಗೆ ಆರತಿ ಎತ್ತೋ ಅಗತ್ಯ ಇಲ್ಲ. ಕೈಗೆ ಏನು ತಾಗುತ್ತೆ ಅನ್ನೋದು ಮುಖ್ಯ.

ಇನ್ನೊಂದು ಕಡೆಯವರಿಗೂ ಒಂದು ಮಾತು. ‘ನಿಜವಾದ ಡಿಜೆ ಅಂದ್ರೆ ಪ್ಲೇಟು, ಮಿಕ್ಕವರೆಲ್ಲ ಡೂಪ್ಲಿಕೇಟ್’ ಅನ್ನೋ ಜನ ಇದ್ದಾರೆ. ಅದೂ ಸುಳ್ಳು. ಟೈಮ್‌ಕೋಡ್ ಪ್ಲೇಟು ಇಟ್ಕೊಂಡೂ ಸಿಂಕ್ ಬಟನ್ ಒತ್ತಬಹುದು, ಮೊದಲೇ ರೆಡಿ ಮಾಡಿದ ಮಿಕ್ಸ್ ಹಾಕಿ ಮೇಲೆ ಸುಮ್ನೆ ಕೈಯಾಡಿಸಬಹುದು. ಪ್ಲೇಟು ಯಾರಿಗೂ ಸರ್ಟಿಫಿಕೇಟ್ ಕೊಡಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು ಅಂತಾರೆ, ಇವರಿಗೆ ನೆಲ ನೆಟ್ಟಗಿದ್ದರೆ ಸಾಕು, ಕುಣಿದ ಹಾಗೇ ಲೆಕ್ಕ! ಆದರೆ ಹೋದ ವರ್ಷ ಬಂದವನು ಕೈಯಾಡಿಸಿದ್ದು ಸುಮ್ಮನೆ ಅಲ್ಲ. ನಾನು ಸ್ಪೀಕರ್ ಪಕ್ಕ ನಿಂತು ನೋಡಿದೀನಿ. ಬೀಟು ಜಾರಿದಾಗ ಅವನ ಹೆಬ್ಬೆರಳು ಪ್ಲೇಟಿನ ಅಂಚಿಗೆ ಹೋಯ್ತು, ಬೀಟು ಕೂತ್ಕೊಳ್ತು. ಸ್ಕ್ರೀನ್ ನೋಡಲೂ ಇಲ್ಲ.

ಅದೆಷ್ಟು ಕಷ್ಟ ಅಂತ ನನಗೆ ರಜೆಯಲ್ಲಿ ಗೊತ್ತಾಯ್ತು. ಬೆಂಗಳೂರಿನಲ್ಲಿ ನಮ್ಮ ದೊಡ್ಡಪ್ಪನ ಮಗ ವೀಕೆಂಡು ಮದುವೆ ಪಾರ್ಟಿಗಳಿಗೆ ಡಿಜೆ ಮಾಡ್ತಾನೆ, ಎರಡು ಹಳೇ ಟರ್ನ್‌ಟೇಬಲ್ ಇದೆ. ಮಿಕ್ಸ್‌ ಅಂತ ಫ್ರೀ ಸಾಫ್ಟ್‌ವೇರ್ ಹಾಕ್ಕೊಂಡೆ, ಟೈಮ್‌ಕೋಡ್ ಓದೋಕೆ ಅದರಲ್ಲೂ ಎಕ್ಸ್‌ವ್ಯಾಕ್ಸ್ ಕೋಡೇ ಇರೋದು. ಮೊದಲ ದಿನ ಬಫರನ್ನ ದೊಡ್ಡದು ಇಟ್ಟಿದ್ದೆ, ಕೈ ಆಡಿಸಿದ ಮೇಲೆ ಸದ್ದು ನಿಧಾನಕ್ಕೆ ಹಿಂದೆ ಬರ್ತಿತ್ತು, ಬೇರೆ ಯಾರದೋ ಕೈ ಅನ್ನಿಸ್ತಿತ್ತು. 512 ಸ್ಯಾಂಪಲ್ಲಿಗೆ ಇಳಿಸಿದೆ. 44,100ಕ್ಕೆ ಭಾಗಿಸಿ, 11.6 ಮಿಲಿಸೆಕೆಂಡ್. ಆಗ ಅದು ನನ್ನ ಕೈ ಆಯ್ತು. ತುಂಬಾ ನಿಧಾನ ಎಳೆದರೆ ಮಾತ್ರ ಹಾಡು ಅಲ್ಲಲ್ಲೇ ಸಾಯ್ತಿತ್ತು. ಸಾಫ್ಟ್‌ವೇರನ್ನ ಬೈದೆ. ಅಣ್ಣ ನಕ್ಕು, ‘ಲೋ, ನೀನು ಇಂಜಿನಿಯರಿಂಗ್ ಓದ್ತಿರೋದಾ? ಮುಳ್ಳಿನ ಹಿಂದೆ ಏನಿದೆ ಯೋಚ್ನೆ ಮಾಡು’ ಅಂದ. ಮ್ಯಾಗ್ನೆಟ್, ಕಾಯಿಲ್. ಫ್ಯಾರಡೆ ನಿಯಮ. ನಿಧಾನ ಎಳೆದಷ್ಟೂ ವೋಲ್ಟೇಜ್ ಕಮ್ಮಿ, ಕೊನೆಗೆ ಅಲೆ ನಾಯ್ಸಿನಲ್ಲಿ ಮುಳುಗಿಹೋಗತ್ತೆ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದು ಆವತ್ತು ಬೆರಳಿಗೆ ಅರ್ಥ ಆಯ್ತು.

ಮೂರು ವಾರ ಪ್ರಯತ್ನ ಪಟ್ಟೆ. ಎರಡು ಹಾಡಿನ ಬೀಟು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಜೊತೆಗೆ ಇಡೋಕೆ ಇವತ್ತಿಗೂ ಬರಲ್ಲ. ಆದರೆ ಒಂದು ಸಂಜೆ, ನಮ್ಮೂರ ಜಾತ್ರೆಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿದ್ದ ತಮಟೆ ಸದ್ದನ್ನ ಲ್ಯಾಪ್‌ಟಾಪಿಗೆ ಹಾಕಿ ಪ್ಲೇಟಿನ ಮೇಲೆ ಕೈ ಇಟ್ಟೆ. ಒಂದು ಏಟು. ಹಿಂದಕ್ಕೆ ಎಳೆದೆ, ಬಿಟ್ಟೆ. ಮತ್ತೆ ಅದೇ ಏಟು. ಹೊಡೆದವರ ಕೋಲು ನನ್ನ ಬೆರಳ ಕೆಳಗೇ ಇದೆ ಅನ್ನಿಸ್ತು. ಆ ತಮಟೆಯನ್ನ ಯಾವ ಕಂಪನಿಯೂ ಪ್ಲೇಟು ಮಾಡಿ ಮಾರಿಲ್ಲ, ಮಾರೋದೂ ಇಲ್ಲ. ನಾವು ಫೆಸ್ಟಿನಲ್ಲಿ ಕುಣಿಯೋ ಕನ್ನಡ ಹಾಡುಗಳೂ ಹೆಚ್ಚಿನವು ಎಲ್‌ಪಿ ಕಾಲದವಲ್ಲ. ಹಾಡಿರೋ ಪ್ಲೇಟನ್ನೇ ‘ಅಸಲಿ’ ಅಂತ ಹಟ ಹಿಡಿದರೆ ಅವನ್ನೆಲ್ಲ ಕೈಯಲ್ಲಿ ಮುಟ್ಟೋಕೇ ಆಗಲ್ಲ. ಹಾಡಿಲ್ಲದ ಪ್ಲೇಟಿನಲ್ಲಿ ಯಾವ ಹಾಡನ್ನಾದರೂ ಮುಟ್ಟಬಹುದು.

ದೂರು ಇಲ್ಲವೇ ಇಲ್ಲ ಅಂತಲ್ಲ. ಒಬ್ಬೊಬ್ಬ ಕಂಪನಿಯದು ಒಂದೊಂದು ಕೋಡು: ಸೆರಾಟೋ ಪ್ಲೇಟು ಟ್ರ್ಯಾಕ್ಟರ್ ಸಾಫ್ಟ್‌ವೇರಿಗೆ ಆಗಲ್ಲ, ಅದರದ್ದು ಇದಕ್ಕೆ ಆಗಲ್ಲ. ಎಲ್ಲರದ್ದೂ ಅದೇ ಸೈನ್ ವೇವ್ ಆಟ, ಆದರೂ ಬೇಲಿ. ಓಪನ್ ಸೋರ್ಸಿನವರು ಆ ಬೇಲಿ ಹಾರಿ ಹಲವು ಕಂಪನಿಗಳ ಕೋಡು ಓದ್ತಾರೆ, ಅದಕ್ಕೇ ನನಗೆ ಅವರು ಇಷ್ಟ. ಪ್ಲೇಟು ಸವೆಯುತ್ತೆ, ಮುಳ್ಳು ದುಬಾರಿ, ಸಬ್‌ವೂಫರ್ ಪಕ್ಕ ಇಟ್ಟರೆ ಮುಳ್ಳೇ ನಡುಗುತ್ತೆ. ಟರ್ನ್‌ಟೇಬಲ್ ಬೆಲೆಯಂತೂ ಕೇಳಬೇಡಿ. ಹಾಗಾಗಿ ಎಲ್ಲರೂ ಇದನ್ನೇ ಬಳಸಿ ಅಂತ ನಾನು ಹೇಳಲ್ಲ.

ಅಂದಹಾಗೆ, ಈ ಲೇಖನ ಟೈಪ್ ಮಾಡ್ತಿರೋ ನನ್ನ ಕೀಬೋರ್ಡಿನ ಒಂದು ಕೀ ಮೇಲೂ ಕನ್ನಡ ಅಕ್ಷರ ಇಲ್ಲ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಹನ್ನೆರಡು ವರ್ಷ ಪಳಗಿದ ಬೆರಳು, ‘ಕೆ’ ಒತ್ತಿದರೆ ‘ಕ’ ಬರುತ್ತೆ. ಕೆ. ಪಿ. ರಾವ್ ಅವರು ಹಾಕಿಕೊಟ್ಟ ವಿನ್ಯಾಸ, ನುಡಿಯಲ್ಲಿ ನಾವೆಲ್ಲ ಬಳಸೋದು. ಕೀ ಮೇಲೆ ಕನ್ನಡ ಇಲ್ಲ ಅಂತ ಇದನ್ನ ಯಾರಾದ್ರೂ ಫ್ರಾಡ್ ಕನ್ನಡ ಅಂದರೆ ನಮ್ಮ ಕ್ಲಬ್ಬಿನವರು ಸುಮ್ನೆ ಬಿಡ್ತೀರಾ?

ಕಲ್ಚರಲ್ ಕಮಿಟಿಯವರಿಗೆ: ಮುಂದಿನ ಮೀಟಿಂಗ್ ಯಾವತ್ತು ಅಂತ ಗ್ರೂಪಲ್ಲಿ ಹಾಕಿ, ಈ ಸಲ ಮಾತಾಡ್ತೀನಿ. ದುಡ್ಡು ಸಾಲದಿದ್ದರೆ ಅದನ್ನ ಅವನಿಗೆ ನೇರವಾಗಿ ಹೇಳೋಣ, ಅದು ಬೇರೆ ವಿಷಯ. ಕರೆಯೋದಾದರೆ ಒಂದು ಕ್ಯಾಮೆರಾವನ್ನ ಅವನ ಕೈಗಳ ಮೇಲೆ ಇಟ್ಟು ಎಲ್‌ಇಡಿ ಪರದೆಗೆ ಹಾಕಿ. ಆ ವಿಡಿಯೋ ಮಾಡಿದ ಮಹಾನುಭಾವರಿಗೆ ಮುಂದಿನ ಸಾಲಿನಲ್ಲಿ ಜಾಗ ಇಡಿ. ಸ್ವಿಚ್ಚು ತಳ್ಳಿದ್ದಕ್ಕೆ ಥ್ಯಾಂಕ್ಸ್ ಕೂಡ ಹೇಳಬೇಕು, ಇಲ್ಲದಿದ್ದರೆ ಆ ‘ಪೀಂ’ ನಮ್ಮಲ್ಲಿ ಯಾರಿಗೂ ಕೇಳಿಸ್ತಾ ಇರಲಿಲ್ಲ.